ದಾವಣಗೆರೆ–ಹರಿಹರದ ಕಾನೂನು ಶಿಕ್ಷಣ

ಮಧ್ಯ ಕರ್ನಾಟಕದ ದಾವಣಗೆರೆ ನಗರ ಮತ್ತು ಅಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿ ತುಂಗಭದ್ರೆಯ ಬಲದಂಡೆಯ ಮೇಲಿರುವ ಹರಿಹರ ಪಟ್ಟಣಗಳಲ್ಲಿ ವಕೀಲಿ ವೃತ್ತಿಯ ವ್ಯಾಸಂಗ ಬೆಳೆದುಬಂದ ಬಗೆ ಮತ್ತು ಅದರ ಈಗಿನ ವ್ಯವಸ್ಥೆ ಈ ಲೇಖನದ ವಸ್ತು. ಈ ಪ್ರದೇಶದ ಕಾನೂನು ಶಿಕ್ಷಣದ ಮುಖ್ಯ ಕೇಂದ್ರ ದಾವಣಗೆರೆಯ ರಾಜನಹಳ್ಳಿ ಲಕ್ಷ್ಮಣಶೆಟ್ಟಿ ಕಾನೂನು ಕಾಲೇಜು. ಜನರ ಬಾಯಲ್ಲಿ ಆರ್.ಎಲ್. ಲಾ ಕಾಲೇಜು. ಅದಕ್ಕೂ ಮೊದಲು ಇಲ್ಲಿಯ ಯುವಕರು ಕಾನೂನು ಓದಲು ಪರಊರಿಗೆ, ಬಹುಕಾಲ ಹೊಳೆ ದಾಟಿ ಪುಣೆಗೋ ಬೆಳಗಾವಿಗೋ, ಹೋಗಬೇಕಿತ್ತು. ಹರಿಹರದ ಹೊಳೆ ಬಹುಕಾಲ ಮೈಸೂರು ಸಂಸ್ಥಾನ ಮತ್ತು ಮುಂಬಯಿ ಪ್ರಾಂತ ಎಂಬ ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಇಲ್ಲಿಯ ಕಾನೂನು ಶಿಕ್ಷಣದ ಚರಿತ್ರೆಯನ್ನು ಈ ಗಡಿಯನ್ನು ಬಿಟ್ಟು ಹೇಳಲಾಗದು.

ಹಿನ್ನೆಲೆ

ಕಾನೂನು ದಾಖಲೆಗಳ ರೂಢಿ ಇಲ್ಲಿ ಹಳೆಯದು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ದೇವಾಲಯದ ಆವರಣದಲ್ಲಿ ಹಲವು ಶಾಸನಗಳಿವೆ. ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆಕಟ್ಟು, ತೆರಿಗೆಯ ಮಾಫಿ, ಸಾಕ್ಷಿ, ತಪ್ಪಿ ನಡೆದವರಿಗೆ ಶಾಪ, ಹೀಗೆ ದಾನಶಾಸನವೊಂದರ ಅಂಗಗಳು ಇಂದಿನ ದಾನಪತ್ರದ ಅಂಗಗಳಿಂದ ಬಹಳ ದೂರವಿಲ್ಲ. ಶಾಪದ ಜಾಗದಲ್ಲಿ ಈಗ ನೋಂದಣಿ ಕಚೇರಿಯ ಮೊಹರು ಬಂದಿದೆ.

ಕರ್ನಾಟಕದ ನೆಲದಲ್ಲಿ ಹುಟ್ಟಿ ಭಾರತದ ಬಹುಪಾಲು ನ್ಯಾಯಾಲಯಗಳನ್ನು ತಲುಪಿದ ಗ್ರಂಥವೆಂದರೆ ಮಿತಾಕ್ಷರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಅದರ ತತ್ತ್ವವನ್ನು ಬ್ರಿಟಿಷ್ ಕಾಲದ ನ್ಯಾಯಾಲಯಗಳು ಬಂಗಾಳವನ್ನು ಬಿಟ್ಟು ಉಳಿದ ಕಡೆಗಳಲ್ಲಿ ಹಿಂದೂ ಕಾನೂನಿನ ಆಧಾರವಾಗಿ ಹಿಡಿದವು. ಕಾನೂನು ತರಗತಿಯ ಕುಟುಂಬ ಕಾನೂನಿನ ಪಾಠದಲ್ಲಿ ಇಂದಿಗೂ ಮಿತಾಕ್ಷರದ ಹೆಸರು ಬರುತ್ತದೆ.

ಕಾಲೇಜಿಲ್ಲದ ಕಾಲ

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಯಿತು. 1930ರಲ್ಲಿ ಅದು ಹೈಕೋರ್ಟ್ ಎನಿಸಿಕೊಂಡಿತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಆರಂಭವಾಯಿತು. ಆದರೆ ಸಂಸ್ಥಾನದೊಳಗೆ ಕಾನೂನು ಕಾಲೇಜು ಬಂದದ್ದು 1948ರಲ್ಲಿ, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನ ರೂಪದಲ್ಲಿ. ಇದೇ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕಾನೂನು ಕಾಲೇಜಾಯಿತು. ಕೋರ್ಟ್ ಇತ್ತು, ವಿಶ್ವವಿದ್ಯಾನಿಲಯ ಇತ್ತು, ನಡುವೆ ಇರಬೇಕಾದ ಕಾಲೇಜು ಮಾತ್ರ ಹಲವು ದಶಕ ಇರಲಿಲ್ಲ. ಪದವಿ ಬೇಕಾದವರು ಮದರಾಸು, ಮುಂಬಯಿ, ಪುಣೆಗಳ ದಾರಿ ಹಿಡಿಯುತ್ತಿದ್ದರು.

ಈ ದಾರಿ ಹಿಡಿದವರಲ್ಲಿ ಪ್ರಸಿದ್ಧರು ಎಸ್. ನಿಜಲಿಂಗಪ್ಪ. 1902ರಲ್ಲಿ ಹರಪನಹಳ್ಳಿ ಸೀಮೆಯ ಹಲವಾಗಲಿನಲ್ಲಿ ಹುಟ್ಟಿದ ಅವರು ದಾವಣಗೆರೆಯಲ್ಲಿ ಶಾಲೆ ಓದಿದರು. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ., 1926ರಲ್ಲಿ ಪುಣೆಯ ಕಾನೂನು ಕಾಲೇಜಿನಿಂದ ಕಾನೂನು ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ಮಾಡಿದರು. 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಕಾನೂನು ಪದವಿಯೂ ಪುಣೆಯದೇ.

ಹೊರಗೆ ಹೋಗಿ ಓದಿದವರಿಗೆ ಖರ್ಚಿನ ಜೊತೆಗೆ ಇನ್ನೊಂದು ತೊಡಕೂ ಇತ್ತು. ಓದಿದ ಕಾನೂನು ಒಂದು ಸೀಮೆಯದು, ವಾದಿಸಬೇಕಾದದ್ದು ಇನ್ನೊಂದು ಸೀಮೆಯದು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ತಂದು, ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಮಗಳು ಮೊದಲಾದವರಿಗೂ ಭಾಗ ಸಿಗುವ ವ್ಯವಸ್ಥೆ ಮಾಡಿತು. ಹರಿಹರದ ದಂಡೆಯಲ್ಲಿ ಇದು ಅನ್ವಯವಾಗುತ್ತಿತ್ತು. ಎದುರು ದಂಡೆಯ ರಾಣೇಬೆನ್ನೂರು ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿ ಇದು ನಡೆಯುತ್ತಿರಲಿಲ್ಲ. ಬ್ರಿಟಿಷ್ ಭಾರತದ ವಿಧವೆಯರಿಗೆ ಸೀಮಿತ ಹಕ್ಕು ಕೊಟ್ಟ ಕಾಯ್ದೆ ಬಂದದ್ದು 1937ರಲ್ಲಿ. ತುಂಗಭದ್ರೆಗೆ 1868ರಲ್ಲೇ ಸೇತುವೆಯಾಗಿತ್ತು. ಬಂಡಿ ದಾಟಿದಷ್ಟು ಸುಲಭವಾಗಿ ಕಾನೂನು ಹೊಳೆ ದಾಟಲಿಲ್ಲ.

ಬೆಳಗಾವಿಯ ಕಾಲೇಜು

ಕನ್ನಡ ನಾಡಿನ ಹಳೆಯ ಕಾನೂನು ಕಾಲೇಜುಗಳಲ್ಲಿ ಮೊದಲು ನೆನೆಯಬೇಕಾದದ್ದು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಇದನ್ನು ಆರಂಭಿಸಿತು. ವಂಟಮುರಿಯ ದೇಸಾಯಿ ಮನೆತನದ ರಾಜಾ ಲಖಮಗೌಡರ ಹೆಸರು ಅದಕ್ಕಿದೆ. ಮುಂಬಯಿ ಕರ್ನಾಟಕಕ್ಕೆಂದು ಹುಟ್ಟಿದರೂ ಮೈಸೂರು ಸೀಮೆಯವರಿಗೂ ಅದು ನೆರವಾಯಿತು. ಪಾಂಡವಪುರದ ಕಡೆಯ ಇ.ಎಸ್. ವೆಂಕಟರಾಮಯ್ಯನವರು ಪುಣೆ ಮತ್ತು ಬೆಳಗಾವಿಯಲ್ಲಿ ಕಾನೂನು ಓದಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. 2017ರಿಂದ 2022ರವರೆಗೆ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕೂಡ ಇದೇ ಕಾಲೇಜಿನ ವಿದ್ಯಾರ್ಥಿ.

ರಾಜಾ ಲಖಮಗೌಡ ಮತ್ತು ರಾಜನಹಳ್ಳಿ ಲಕ್ಷ್ಮಣಶೆಟ್ಟಿ ಎಂಬ ಎರಡೂ ಹೆಸರುಗಳು ಮೊಟಕಾಗಿ ‘ಆರ್.ಎಲ್.’ ಆಗುತ್ತವೆ. ಆದ್ದರಿಂದ ‘ಆರ್.ಎಲ್. ಲಾ ಕಾಲೇಜಿನಲ್ಲಿ ಓದಿದೆ’ ಎಂದ ವಕೀಲರನ್ನು ಯಾವ ಊರಿನದು ಎಂದು ಕೇಳಿಯೇ ತಿಳಿಯಬೇಕು. ಎರಡಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.

ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು

ಏಕೀಕರಣದ ನಂತರ ದಾವಣಗೆರೆಯಲ್ಲಿ ಶಿಕ್ಷಣಕ್ಕೆ ಹಣ ಹಾಕಿದವರು ಹೆಚ್ಚಾಗಿ ವರ್ತಕರು. ಹತ್ತಿ, ಬಟ್ಟೆ, ಧಾನ್ಯಗಳ ವ್ಯಾಪಾರದಿಂದ ಬೆಳೆದ ಊರಿನಲ್ಲಿ ಛತ್ರ ಕಟ್ಟಿಸುವುದು ಧರ್ಮಕಾರ್ಯವಾಗಿತ್ತು. ಆಮೇಲೆ ಕಾಲೇಜು ಕಟ್ಟಿಸುವುದೂ ಧರ್ಮಕಾರ್ಯವೆನಿಸಿತು. 1958ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆ ಪ್ರಥಮ ದರ್ಜೆ ಕಾಲೇಜಿನಿಂದ ಹೊರಟು 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳನ್ನು ತೆರೆಯಿತು. ಆರ್.ಎಲ್. ಕಾನೂನು ಕಾಲೇಜು ಇದೇ ಸಂಸ್ಥೆಯ ಆಡಳಿತದಲ್ಲಿದೆ. ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರಿನ ಡಿ.ಆರ್.ಎಂ. ವಿಜ್ಞಾನ ಕಾಲೇಜಿನಂತೆ ಕಾನೂನು ಕಾಲೇಜಿನ ಹೆಸರಿನಲ್ಲೂ ‘ರಾಜನಹಳ್ಳಿ’ ಇದೆ. ಅದೇ ಹೆಸರಿನ ಊರು ಹರಿಹರ ತಾಲ್ಲೂಕಿನಲ್ಲಿದೆ.

ಊರಿನಲ್ಲೇ ಕಾಲೇಜು ಬಂದದ್ದರಿಂದ ಯಾರು ವಕೀಲರಾಗಬಹುದು ಎಂಬುದೇ ಬದಲಾಯಿತು. ಪುಣೆಯ ಖರ್ಚು ತೂಗಿಸಬಲ್ಲ ಮನೆಗಳ ಗಂಡುಮಕ್ಕಳ ಜಾಗಕ್ಕೆ ಹೊನ್ನಾಳಿ, ಜಗಳೂರು, ಚನ್ನಗಿರಿ, ಹರಪನಹಳ್ಳಿಗಳಿಂದ ಬಸ್ಸು ಹಿಡಿದು ಬರುವ ರೈತರ, ಮಿಲ್ ಕಾರ್ಮಿಕರ, ಸಣ್ಣ ನೌಕರರ ಮಕ್ಕಳು ಬಂದರು. ಹೆಣ್ಣುಮಕ್ಕಳನ್ನು ಪರಊರಿಗೆ ಕಳಿಸಲು ಹಿಂಜರಿಯುತ್ತಿದ್ದ ಮನೆಗಳಿಗೂ ಹತ್ತಿರದ ಕಾಲೇಜು ಒಂದು ದಾರಿಯಾಯಿತು. ಇಂದು ನೆರೆಯಲ್ಲೂ ಕಾಲೇಜುಗಳಿವೆ: ಚಿತ್ರದುರ್ಗದಲ್ಲಿ ಸರಸ್ವತಿ ಕಾನೂನು ಕಾಲೇಜು, ಶಿವಮೊಗ್ಗದಲ್ಲಿ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜು, ಹೊಳೆಯಾಚೆ ರಾಣೇಬೆನ್ನೂರಿನಲ್ಲಿ ಆರ್.ಟಿ.ಇ. ಸಂಸ್ಥೆಯ ಕಾನೂನು ಕಾಲೇಜು.

ವಿಶ್ವವಿದ್ಯಾನಿಲಯಗಳು

ಹಿಂದೆ ಈ ಭಾಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂದ ಮೇಲೆ ಅದರ ವ್ಯಾಪ್ತಿಗೆ ಬಂದವು. 2009ರಲ್ಲಿ ದಾವಣಗೆರೆಗೇ ಪ್ರತ್ಯೇಕ ವಿಶ್ವವಿದ್ಯಾನಿಲಯ ಸಿಕ್ಕಿತು. ಆದರೆ ಕಾನೂನು ಕಾಲೇಜು ಅದಕ್ಕೆ ಸೇರಲಿಲ್ಲ. 2008ರ ಕಾಯ್ದೆಯಂತೆ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ರಾಜ್ಯದ ನೂರಕ್ಕೂ ಹೆಚ್ಚು ಕಾನೂನು ಕಾಲೇಜುಗಳ ಪಠ್ಯ, ಪರೀಕ್ಷೆ, ಪದವಿ ಎಲ್ಲವೂ ಅಲ್ಲಿಗೆ ಹೋದವು. ರಾಜ್ಯಕ್ಕೆಲ್ಲ ಒಂದೇ ಪಠ್ಯವಾದದ್ದು ಇದರ ಲಾಭ. ಪರೀಕ್ಷೆ ತಡವಾದರೆ, ಫಲಿತಾಂಶ ನಿಂತರೆ ಇಡೀ ರಾಜ್ಯದ ವಿದ್ಯಾರ್ಥಿಗಳು ಒಟ್ಟಿಗೆ ಕಾಯಬೇಕಾದದ್ದು ನಷ್ಟ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಇದಕ್ಕಿಂತ ಬೇರೆ ಮಾದರಿಯದು. 1986ರ ಕರ್ನಾಟಕ ಕಾಯ್ದೆಯಿಂದ ಹುಟ್ಟಿ, ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಐದು ವರ್ಷದ ಪಾಠ ಆರಂಭಿಸಿದ ಈ ಸಂಸ್ಥೆಗೆ ಪ್ರವೇಶ ಅಖಿಲ ಭಾರತ ಪರೀಕ್ಷೆಯ ಮೂಲಕ. ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಪ್ರವೇಶಕ್ಕೆ ಪಿ.ಯು.ಸಿ. ಅಥವಾ ಪದವಿಯ ಅಂಕಗಳೇ ಆಧಾರ. ಒಂದು ದೇಶಕ್ಕೆಲ್ಲ ಆಯ್ದು ತೆಗೆಯುತ್ತದೆ, ಇನ್ನೊಂದು ತನ್ನ ಸೀಮೆಗೆ ಬಾಗಿಲು ತೆರೆದಿಡುತ್ತದೆ.

ಕೋರ್ಸುಗಳು

1961ರ ವಕೀಲರ ಕಾಯ್ದೆ ವಕೀಲ, ಪ್ಲೀಡರ್, ಮುಖ್ತ್ಯಾರ್ ಎಂಬ ಹಳೆಯ ಶ್ರೇಣಿಗಳ ಬದಲು ‘ಅಡ್ವೊಕೇಟ್’ ಎಂಬ ಒಂದೇ ವರ್ಗವನ್ನು ತಂದಿತು. ಕಾನೂನು ಶಿಕ್ಷಣದ ಮಟ್ಟ ನೋಡಿಕೊಳ್ಳುವ ಹೊಣೆ ಭಾರತೀಯ ವಕೀಲರ ಪರಿಷತ್ತಿಗೆ ಬಂತು. ಅದುವರೆಗೆ ಎರಡು ವರ್ಷದ್ದಾಗಿದ್ದ ಕಾನೂನು ಪದವಿ 1967ರಿಂದ ಮೂರು ವರ್ಷದ್ದಾಯಿತು. ಪಿ.ಯು.ಸಿ. ನಂತರದ ಐದು ವರ್ಷದ ಸಂಯುಕ್ತ ಪದವಿಗೆ ಪರಿಷತ್ತು 1982ರಲ್ಲಿ ನಿಯಮ ಮಾಡಿತು.

ಈಗ ದಾವಣಗೆರೆಯಲ್ಲಿ ಎರಡೂ ದಾರಿಗಳಿವೆ. ಪದವೀಧರರಿಗೆ ಮೂರು ವರ್ಷ, ಆರು ಸೆಮಿಸ್ಟರುಗಳ ಎಲ್‌ಎಲ್.ಬಿ.; ಪಿ.ಯು.ಸಿ. ಮುಗಿಸಿದವರಿಗೆ ಐದು ವರ್ಷ, ಹತ್ತು ಸೆಮಿಸ್ಟರುಗಳ ಬಿ.ಎ., ಎಲ್‌ಎಲ್.ಬಿ. ಪರಿಷತ್ತಿನ 2008ರ ನಿಯಮಗಳ ಪ್ರಕಾರ ಪ್ರವೇಶಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 45, ಇತರ ಹಿಂದುಳಿದ ವರ್ಗಗಳಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ. 40 ಅಂಕ ಬೇಕು.

ಕಡ್ಡಾಯ ವಿಷಯಗಳಲ್ಲಿ ಸಂವಿಧಾನ, ಕರಾರು, ಅಪಕೃತ್ಯ, ಕುಟುಂಬ ಕಾನೂನು, ಅಪರಾಧ ಕಾನೂನು, ಆಸ್ತಿ ವರ್ಗಾವಣೆ, ಸಾಕ್ಷ್ಯ, ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ, ಕಾರ್ಮಿಕ ಕಾನೂನು, ಕಂಪನಿ, ತೆರಿಗೆ, ಪರಿಸರ, ಆಡಳಿತ ಕಾನೂನು, ಅಂತರರಾಷ್ಟ್ರೀಯ ಕಾನೂನು, ನ್ಯಾಯಶಾಸ್ತ್ರ ಸೇರಿವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದವು. ಹಳೆಯ ಪ್ರಕರಣಗಳು ಇತ್ಯರ್ಥವಾಗುವವರೆಗೂ ವಕೀಲರು ಹಳೆಯ ಕಲಮನ್ನೂ ಹೊಸ ಕಲಮನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಓದಬೇಕು. 420 ಎಂಬ ಸಂಖ್ಯೆ ಹೊಸ ಸಂಹಿತೆಯಲ್ಲಿ ವಂಚನೆಯ ಕಲಮಲ್ಲ. ಜನರ ಮಾತಿನಲ್ಲಿ ಮಾತ್ರ ಅದು ಹಾಗೇ ಉಳಿದಿದೆ.

ಪಾಠಕ್ರಮ

ಕಾನೂನನ್ನು ಕಾಲೇಜಿನಲ್ಲಿ ಕಲಿಯಬೇಕೆ, ಹಿರಿಯ ವಕೀಲರ ಕಚೇರಿಯಲ್ಲಿ ಕಲಿಯಬೇಕೆ ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲೂ ಬಂದಿದೆ. ಅಮೆರಿಕದಲ್ಲಿ 1784ರಲ್ಲಿ ಟ್ಯಾಪಿಂಗ್ ರೀವ್ ಎಂಬ ವಕೀಲರು ಲಿಚ್‌ಫೀಲ್ಡಿನಲ್ಲಿ ಕಾನೂನು ಶಾಲೆ ತೆರೆದರು. ಕಚೇರಿಯ ಶಿಷ್ಯವೃತ್ತಿಯೇ ಅಲ್ಲಿ ತರಗತಿಯಾಯಿತು. 1817ರಲ್ಲಿ ಹಾರ್ವರ್ಡ್ ಕಾನೂನು ಶಾಲೆ ಆರಂಭವಾಯಿತು. 1870ರಲ್ಲಿ ಅದರ ಡೀನ್ ಆದ ಕ್ರಿಸ್ಟೊಫರ್ ಲ್ಯಾಂಗ್‌ಡೆಲ್, ಸಿದ್ಧ ಸೂತ್ರಗಳನ್ನು ಒಪ್ಪಿಸುವ ಬದಲು ತೀರ್ಪುಗಳನ್ನೇ ಓದಿಸಿ, ಪ್ರಶ್ನೆ ಕೇಳಿ, ತತ್ತ್ವವನ್ನು ವಿದ್ಯಾರ್ಥಿಯಿಂದಲೇ ಹೊರಡಿಸುವ ಕ್ರಮ ತಂದರು. ಪ್ರಕರಣ ಪದ್ಧತಿ ಎಂಬ ಈ ಕ್ರಮವನ್ನು ಭಾರತದಲ್ಲಿ ಗಟ್ಟಿಯಾಗಿ ಹಿಡಿದದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಉಪನ್ಯಾಸವೇ ಮುಖ್ಯ. ತೀರ್ಪುಗಳು ಅದರೊಳಗೆ ಉದಾಹರಣೆಗಳಾಗಿ ಬರುತ್ತವೆ.

ಪ್ರಾಯೋಗಿಕ ಭಾಗಕ್ಕೆ ಪರಿಷತ್ತು ನಾಲ್ಕು ಪತ್ರಿಕೆಗಳನ್ನು ಕಡ್ಡಾಯ ಮಾಡಿದೆ: ದಾವಾಪತ್ರ ಮತ್ತು ದಸ್ತಾವೇಜುಗಳ ಬರವಣಿಗೆ, ವೃತ್ತಿಧರ್ಮ, ಪರ್ಯಾಯ ವ್ಯಾಜ್ಯ ಪರಿಹಾರ, ಅಣಕು ನ್ಯಾಯಾಲಯ ಮತ್ತು ತರಬೇತಿ. ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ ಕನಿಷ್ಠ 20 ವಾರ ವಕೀಲರ ಕಚೇರಿ, ಕೋರ್ಟು ಮೊದಲಾದ ಕಡೆ ತರಬೇತಿ ಆಗಬೇಕು. ಪಾಟೀ ಸವಾಲನ್ನು ಎಲ್ಲಿ ನಿಲ್ಲಿಸಬೇಕು, ಶಿರಸ್ತೇದಾರರ ಆಕ್ಷೇಪಣೆಗೆ ಏನು ತಿದ್ದಬೇಕು, ಕಕ್ಷಿದಾರರು ಹೇಳದೆ ಬಿಟ್ಟದ್ದನ್ನು ಹೇಗೆ ಕೇಳಬೇಕು ಎಂಬುದು ಪುಸ್ತಕದಿಂದ ಬರುವುದಿಲ್ಲ. ಅದಕ್ಕಾಗಿ ಹಿರಿಯರ ಕಚೇರಿಯಲ್ಲಿ ಫೈಲು ಹಿಡಿದು ಕೂರಬೇಕು.

ವಿದ್ಯಾರ್ಥಿಗಳ ತರಬೇತಿಗೆ ಕಾನೂನು ನೆರವೂ ಒಂದು ದಾರಿ. ಅದಕ್ಕೆ ಆಧಾರವಾದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಕಾಲೇಜುಗಳ ಕಾನೂನು ನೆರವು ಕೇಂದ್ರಗಳು, ಹಳ್ಳಿಗಳ ಅರಿವು ಶಿಬಿರಗಳು, ಲೋಕ ಅದಾಲತ್ತುಗಳಲ್ಲಿ ವಿದ್ಯಾರ್ಥಿಗಳ ನೆರವು ಎಲ್ಲವೂ ಈ ವ್ಯವಸ್ಥೆಯ ಭಾಗ.

ನೆಲದ ಪ್ರಕರಣಗಳು

ಇಲ್ಲಿಯ ಕೋರ್ಟುಗಳಿಗೆ ಬರುವ ತಕರಾರುಗಳಲ್ಲಿ ಊರಿನ ಆರ್ಥಿಕ ಚರಿತ್ರೆಯೇ ಇದೆ.

ಮೊದಲನೆಯದು ಜಮೀನು. ಭದ್ರಾ ಕಾಲುವೆಯ ನೀರು ಬಂದು ಭತ್ತ ಬೆಳೆದ ಮೇಲೆ ಜಮೀನಿನ ಬೆಲೆ ಏರಿತು, ಪಾಲಿನ ದಾವೆಯೂ ಏರಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರ ಜುಲೈ 30ರಿಂದಲೇ, ಅವಿವಾಹಿತ ಹೆಣ್ಣುಮಕ್ಕಳ ಮಟ್ಟಿಗೆ, ಜಾರಿಗೆ ತಂದಿತ್ತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಗೇಣಿದಾರರ ವಿಷಯ ಇನ್ನೊಂದು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಭೂ ನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗುವುದನ್ನೇ ನಿಷೇಧಿಸಿತ್ತು. ಬಡ ಗೇಣಿದಾರನ ಎದುರು ಒಡೆಯನ ವಕೀಲ ನಿಲ್ಲಬಾರದು ಎಂಬುದು ಅದರ ಹಿಂದಿನ ಆಲೋಚನೆ. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆಯೂ ಈ ಭಾಗದಲ್ಲಿ ಬಹಳ ಬಳಕೆಯಲ್ಲಿದೆ. ದಲಿತ ಸಂಘರ್ಷ ಸಮಿತಿಯ ಸ್ಥಾಪಕ ಪ್ರೊ. ಬಿ. ಕೃಷ್ಣಪ್ಪ ಹರಿಹರದವರು, ಜಮೀನಿನ ಹಕ್ಕು ಅವರ ಚಳವಳಿಯ ನಡುಗಂಬವಾಗಿತ್ತು.

ಎರಡನೆಯದು ಕಾರ್ಖಾನೆ. ದಾವಣಗೆರೆಯ ಬಟ್ಟೆ ಗಿರಣಿಗಳು, 1941ರಲ್ಲಿ ಹರಿಹರಕ್ಕೆ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಕಾರ್ಮಿಕ ವರ್ಗವನ್ನು ಬೆಳೆಸಿದವು. ಗಿರಣಿಗಳು ಒಂದೊಂದಾಗಿ ನಿಂತಾಗ ಬಾಕಿ ವೇತನ, ಗ್ರಾಚ್ಯುಟಿ, ಪರಿಹಾರಗಳ ವ್ಯಾಜ್ಯಗಳು ಕೋರ್ಟು ಹತ್ತಿದವು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದದ್ದು 2025ರ ನವೆಂಬರ್ 21ರಂದು, ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೆ ಜಾರಿಯಾದಾಗ.

ಮೂರನೆಯದು ಹೊಳೆ ಮತ್ತು ಕಾಡು. ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಹರಿಹರದ ಹೆಸರಿದ್ದರೂ ಅದು ಎದುರು ದಂಡೆಯ ಕುಮಾರಪಟ್ಟಣದಲ್ಲಿದೆ. ಅದಕ್ಕೆ ನೀಲಗಿರಿ ಮರ ಒದಗಿಸಲು ಸರ್ಕಾರ ಮತ್ತು ಕಂಪನಿ 1984ರಲ್ಲಿ ಸೇರಿ ಮಾಡಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಸುಮಾರು 75,000 ಎಕರೆ ಭೂಮಿ ಕೊಡುವ ಯೋಜನೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಡಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಉಪಯುಕ್ತ ಗಿಡ ನೆಡುವ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದರೇನು ಎಂದು ಇಲ್ಲಿಯ ವಿದ್ಯಾರ್ಥಿಗೆ ವಿವರಿಸಲು ದೂರದ ಉದಾಹರಣೆ ಬೇಕಿಲ್ಲ.

ಇವುಗಳ ಜೊತೆಗೆ ನಿತ್ಯದ ಪ್ರಕರಣಗಳಿವೆ. ಮಂಡಿಪೇಟೆಯ ವ್ಯವಹಾರ ಮುರಿದರೆ ಚೆಕ್ ಬೌನ್ಸ್ ಪ್ರಕರಣ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತವಾದರೆ ಪರಿಹಾರದ ಅರ್ಜಿ. ಹೊಸದಾಗಿ ಕೋಟು ತೊಟ್ಟವರ ಮೊದಲ ಸಂಪಾದನೆ ಹೆಚ್ಚಾಗಿ ಇವುಗಳಿಂದಲೇ.

ಭಾಷೆ

ಪಠ್ಯಪುಸ್ತಕ, ತೀರ್ಪುಗಳ ವರದಿ ಇಂಗ್ಲಿಷಿನಲ್ಲಿ. ಕಕ್ಷಿದಾರರ ಮಾತು, ಪಹಣಿ, ಪೊಲೀಸ್ ಫಿರ್ಯಾದಿ, ಸಾಕ್ಷಿ ಹೇಳಿಕೆ ಕನ್ನಡದಲ್ಲಿ. ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ, ಹೈಕೋರ್ಟಿನದು ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷ್. ಕಾನೂನು ವಿಶ್ವವಿದ್ಯಾನಿಲಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶ ಕೊಟ್ಟಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಹಾದಿ ಸುಲಭವಾಗಿದೆ. ಆದರೂ ಕನ್ನಡದಲ್ಲಿ ಬರೆದು ಪಾಸಾದವರು ಹೈಕೋರ್ಟಿಗೆ ಹೋಗಬೇಕಾದರೆ ಇಂಗ್ಲಿಷ್ ಕಲಿಯಲೇಬೇಕು. ಇಂಗ್ಲಿಷಿನಲ್ಲಿ ಬರೆದು ಪಾಸಾದವರಿಗೆ ತಾಲ್ಲೂಕು ಕೋರ್ಟಿನಲ್ಲಿ ಕನ್ನಡದ ದಾವಾಪತ್ರ ಬರೆಯುವುದು ಕಷ್ಟ. 2024ರ ಡಿಸೆಂಬರ್ 12ರಂದು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ನೀಡಿತು. ಎರಡು ಭಾಷೆಗಳಲ್ಲೂ ಕರಡು ಬರೆಯಬಲ್ಲವರನ್ನು ತಯಾರು ಮಾಡುವುದು ಜಿಲ್ಲಾ ಕೇಂದ್ರದ ಕಾಲೇಜಿನ ಮುಖ್ಯ ಕೆಲಸವಾಗಬೇಕು. ಸದ್ಯ ಪಠ್ಯದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಚಿಕ್ಕದು.

ವೃತ್ತಿ ಮತ್ತು ಕೋರ್ಟುಗಳು

ಪದವಿ ಬಂದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ನೀಡಿತು. 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿ ಮಾಡಿರಬೇಕು ಎಂಬ ಹಳೆಯ ನಿಯಮವನ್ನು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮತ್ತೆ ತಂದಿತು. ಕಾಲೇಜಿನಿಂದ ನೇರವಾಗಿ ಪರೀಕ್ಷೆಗೆ ಕೂರುತ್ತಿದ್ದವರ ಲೆಕ್ಕಾಚಾರ ಇದರಿಂದ ಬದಲಾಯಿತು.

ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳಿಂದ ತಾಲ್ಲೂಕುಗಳನ್ನು ತೆಗೆದು 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯನ್ನು ಮಾಡಲಾಯಿತು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ದಾವಣಗೆರೆಯಲ್ಲಿದೆ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರುಗಳಲ್ಲಿ ತಾಲ್ಲೂಕು ಮಟ್ಟದ ಕೋರ್ಟುಗಳಿವೆ. ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆಯಿತು. ಹಾವೇರಿ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿತು, ದಾವಣಗೆರೆ ಬೆಂಗಳೂರಿನ ಪ್ರಧಾನ ಪೀಠದಲ್ಲೇ ಉಳಿಯಿತು. ಕುಮಾರಪಟ್ಟಣದ ಮೇಲ್ಮನವಿ ಇಂದು ಧಾರವಾಡಕ್ಕೆ ಹೋಗುತ್ತದೆ, ಹೊಳೆಯ ಈಚೆ ದಂಡೆಯ ಹರಿಹರದ್ದು ಬೆಂಗಳೂರಿಗೆ. ಎರಡೂ ದಂಡೆಯ ಕಾಲೇಜುಗಳಲ್ಲಿ ಈಗ ಓದುವವರ ಪದವಿ ಪ್ರಮಾಣಪತ್ರ ಮಾತ್ರ ಹುಬ್ಬಳ್ಳಿಯ ಒಂದೇ ವಿಶ್ವವಿದ್ಯಾನಿಲಯದ್ದು.